ಲೋಟದಲ್ಲಿ ಉಬ್ಬುವ ಕತೀರಾ

ಬೇಸಿಗೆ ಶುರುವಾಯಿತೆಂದರೆ ನಮ್ಮ ಅಕ್ಕಲಕೋಟೆ, ಸೊಲ್ಲಾಪುರದ ಕಿರಾಣಿ ಅಂಗಡಿಗಳಲ್ಲಿ ಸಬ್ಜಾ ಬೀಜದ ಪಕ್ಕಕ್ಕೆ ಕತೀರಾ, ಅಂದರೆ ನೀರಲ್ಲಿ ನೆನೆಸಿ ಶರಬತ್ತಿಗೆ ಹಾಕುವ ಒಣ ಅಂಟು, ಬಂದು ಕೂರುತ್ತದೆ. "ಬದಾಮಿ ಗಿಡದ ಅಂಟ್ರೀ, ಭಾಳ ತಂಪು" ಎನ್ನುತ್ತಾನೆ ಅಂಗಡಿಯವ. ನಮ್ಮ ಕಾಕು ಅದನ್ನೇ ವೇದವಾಕ್ಯವೆಂದು ನಂಬಿದ್ದಾರೆ. ಬದಾಮಿಯೂ ಸುಳ್ಳು, ತಂಪೂ ಅರ್ಧ ಸುಳ್ಳು.

ಅಸಲಿ ಕತೀರಾ ಸಿಗುವುದು ಆಸ್ಟ್ರಾಗಲಸ್ ಕುಲದ ಮುಳ್ಳುಪೊದೆಗಳಿಂದ. ಇರಾನ್, ಟರ್ಕಿಯ ಒಣ ಕಲ್ಲುಗುಡ್ಡಗಳಲ್ಲಿ ವರ್ಷಗಟ್ಟಲೆ ಬಾಳುವ ಕುಳ್ಳ ಗಿಡಗಳಿವು. ಹೂವು ನೋಡಿದರೆ ತೊಗರಿಯ ನೆನಪಾದೀತು, ಕುಟುಂಬವೂ ಅದೇ. ಆದರೆ ಹತ್ತಿರದ ನಂಟು ಕಡಲೆಯ ಜೊತೆ. ಈ ಕುಲದಲ್ಲಿ ಸುಮಾರು 3,000 ಪ್ರಭೇದಗಳಿವೆ. ಚೀನೀ ವೈದ್ಯರು ಕಷಾಯಕ್ಕೆ ಹಾಕುವ ಹುವಾಂಗ್ ಚಿ ಬೇರೂ ಇದರದೇ, ಅಮೆರಿಕದಲ್ಲಿ ದನ ಕುದುರೆಗಳಿಗೆ ಹುಚ್ಚು ಹಿಡಿಸುವ ಕೆಲವು ಕಳೆಗಳೂ ಇದರವೇ. ಆ ವಿಷ ತಯಾರಿಸುವುದು ಗಿಡವಲ್ಲ, ಗಿಡದೊಳಗೆ ಸದ್ದಿಲ್ಲದೆ ಬದುಕುವ ಒಂದು ಶಿಲೀಂಧ್ರ. ಅದು ಬೇರೆಯೇ ಕಥೆ.

ನನಗೆ ಮೋಜೆನಿಸುವುದು ಅಂಟು ಹೊರಬರುವ ಬಗೆ. ಜಾಲಿ ಮರಕ್ಕೆ ಗಾಯವಾದರೆ ಅಂಟು ನಿಧಾನವಾಗಿ ಒಸರಿ ಹನಿಗಟ್ಟುತ್ತದೆ. ಇಲ್ಲಿ ಹಾಗಲ್ಲ. ಕಾಂಡದ ನಡುವಿನ ತಿರುಳಿನ ಜೀವಕೋಶಗಳ ಗೋಡೆಗಳೇ ಮೊದಲು ಅಂಟಾಗಿ ಮಾರ್ಪಡುತ್ತವೆ. ಆ ಅಂಟು ನೀರು ಹೀರಿ ಉಬ್ಬುತ್ತದೆ, ಸುತ್ತಲಿನ ಕಟ್ಟಿಗೆಯೋ ಜಾಗ ಬಿಡುವುದಿಲ್ಲ. ಒತ್ತಡ ಏರುತ್ತಲೇ ಇರುತ್ತದೆ. ಚಾಕುವಿನಿಂದ ಗೀರಿದ್ದೇ ತಡ, ಶ್ಯಾವಿಗೆ ಒರಳಿನಿಂದ ಹಿಟ್ಟು ಇಳಿದಂತೆ ಪಟ್ಟಿಪಟ್ಟಿಯಾಗಿ ಹೊರಗೆ ಬರುತ್ತದೆ. ಗೀರಿನ ಆಕಾರವೇ ಅಂಟಿನ ಆಕಾರ.

ಇಷ್ಟು ಉಬ್ಬುವುದೇಕೆ? ಅಂಟೆಂದರೆ ಸಕ್ಕರೆ ಅಣುಗಳ ಉದ್ದುದ್ದ ಸರಪಳಿ. ಅದರಲ್ಲಿ ಅಲ್ಲಲ್ಲಿ ಋಣ ವಿದ್ಯುದಂಶದ ಆಮ್ಲದ ಕೊಂಡಿಗಳಿವೆ. ಒಂದೇ ಮನೆಯಲ್ಲಿ ಇರಲೇಬೇಕಾದ ಜಗಳಗಂಟಿ ನೆಗೆಣ್ಣಿಯರ ಹಾಗೆ ಅವು ಒಂದನ್ನೊಂದು ದೂರ ತಳ್ಳುತ್ತವೆ. ನಡುವೆ ತೆರವಾದ ಜಾಗಕ್ಕೆ ನೀರು ನುಗ್ಗುತ್ತದೆ. ಸಬ್ಜಾ ಬೀಜದ ಲೋಳೆಯಲ್ಲೂ ನೀರು ಹಿಡಿದಿಡುವುದು ಇಂಥದೇ ಸರಪಳಿಗಳು. ನಮ್ಮ ಎರೆಹೊಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದು ಜೇಡಿಯ ಪದರಗಳ ನಡುವೆ ನೀರು ಹೊಕ್ಕು ಹೊರಡುವುದರಿಂದ. ವಸ್ತು ಬೇರೆ, ಆಟ ಅದೇ. ಕತೀರಾದಲ್ಲಿ ಕರಗುವ ಭಾಗ ಒಂದು, ಕರಗದೆ ಬರೇ ಉಬ್ಬುವ ಭಾಗ ಇನ್ನೊಂದು. ಲೋಟದಲ್ಲಿ ಮಂಜಿನ ಗಡ್ಡೆಯಂತೆ ಕಾಣುವುದು ಎರಡನೆಯದು. ಅಂಟಿನುಂಡೆಗೆ ಹಾಕುವ ಜಾಲಿ ಅಂಟು ನೀರಲ್ಲಿ ಪೂರ್ತಿ ಕರಗಿಬಿಡುತ್ತದೆ, ಹಾಗಾಗಿ ಶರಬತ್ತಿಗೆ ಅದು ಆಗಿಬರದು.

ಅಂದಮೇಲೆ ತಂಪು ಯಾವುದರದು? ಹೆಚ್ಚೂಕಡಿಮೆ ನೀರಿನದು. ಅದು ಬೆವರಾಗಿ ಆರಿದಾಗ ಮೈ ತಣಿಯುತ್ತದೆ, ಮಜ್ಜಿಗೆ ಕುಡಿದರೂ ಅಷ್ಟೇ. ಒಂದು ಎಚ್ಚರಿಕೆ ಮಾತ್ರ ಬೇಕೇಬೇಕು: ಅರೆಬರೆ ನೆನೆದದ್ದನ್ನು ನುಂಗಿದರೆ ಗಂಟಲಲ್ಲೇ ಉಬ್ಬೀತು. ರಾತ್ರಿಯಿಡೀ ನೆನೆಯಲಿ.

ಗ್ರೀಕರು ಇದನ್ನು ಟ್ರಾಗಕಾಂತ ಎಂದರು, 'ಆಡಿನ ಮುಳ್ಳು' ಎಂದು ಅರ್ಥ. ಕ್ರಿಸ್ತಪೂರ್ವದಲ್ಲೇ ಅವರ ಸಸ್ಯಪಂಡಿತ ಥಿಯೊಫ್ರಾಸ್ಟಸ್ ಇದರ ಬಗ್ಗೆ ಬರೆದಿದ್ದಾನೆ. ಇಂದು ಆಹಾರದ ಪೊಟ್ಟಣಗಳ ಮೇಲೆ ಇ413 ಎಂದಿದ್ದರೆ ಅದು ಇದೇ. ಟರ್ಕಿಯ ಕುಶಲಕರ್ಮಿಗಳು ಈ ಅಂಟಿನಿಂದ ನೀರನ್ನು ಮಂದ ಮಾಡಿ, ಮೇಲೆ ಬಣ್ಣ ತೇಲಿಸಿ, ಕಾಗದ ಹೊದಿಸಿ ಅಮೃತಶಿಲೆಯಂಥ ಚಿತ್ತಾರ ಎತ್ತುತ್ತಾರೆ. ಅಂಥ ಚಿತ್ತಾರದ ಚಿತ್ರಗಳು 17ನೇ ಶತಮಾನದಲ್ಲಿ ಬಿಜಾಪುರದಲ್ಲೂ ಆಗಿವೆ. ಹೊಟಗಿಯಲ್ಲಿ ರೈಲು ಹತ್ತಿದರೆ ಸಿಗುವ ಅದೇ ಬಿಜಾಪುರ.

"ನಮ್ಮ ಹೊಲದಾಗ ಬರ್ತದೇನು?" ಎಂದು ಗೆಳೆಯನೊಬ್ಬ ಕೇಳಿದ. ಬರುವುದಿಲ್ಲ. ನೀರು ನಿಲ್ಲದ ಕಲ್ಲುನೆಲ, ಕೊರೆಯುವ ಚಳಿಗಾಲ ಬೇಕು. ಇರಾನ್, ಟರ್ಕಿಯಲ್ಲಿಯೂ ಬಹುಪಾಲು ಕಾಡುಗಿಡಗಳನ್ನೇ ಗೀರುತ್ತಾರೆ. ಮೇಲಾಗಿ ನಮ್ಮ ಪೇಟೆಗಳಲ್ಲಿ ಕತೀರಾ ಹೆಸರಲ್ಲಿ ಬೇರೆ ಅಂಟೂ ಮಾರಾಟವಾಗುತ್ತದೆ. ಆಂಧ್ರದ ಕಾಡುಗಳಲ್ಲಿ ತಪಸಿ ಎನ್ನುವ ಮರದ ಅಂಟು ಅದು. ನೀರಲ್ಲಿ ಅದೂ ಹಾಗೇ ಉಬ್ಬುವುದರಿಂದ ಕಣ್ಣಿಗೆ ಗೊತ್ತಾಗದು, ಮೂಗಿಗೆ ಗೊತ್ತಾಗುತ್ತದೆ: ತಪಸಿ ಅಂಟಿಗೆ ವಿನೆಗರ್‌ನ ಹುಳಿ ವಾಸನೆ. ಅಯೋಡಿನ್ ಹನಿಸಿದರೆ ಅಸಲಿಯಲ್ಲಿ ಪಿಷ್ಟದ ನೀಲಿ ಚುಕ್ಕೆಗಳು ಮೂಡುತ್ತವೆ, ತಪಸಿಯಲ್ಲಿ ಇಲ್ಲ.

ಕಾಕು ತಂದಿಟ್ಟ 'ಇರಾನಿ' ಡಬ್ಬಿ ತೆರೆದು ಮೂಸಿದೆ. ಹುಳಿ.