ಪದ ಪರಿಚಯ: ಡೀನ್

ನಮ್ಮಲ್ಲಿ ಡೀನ್ ಅಂದರೆ ಮೊದಲು ನೆನಪಾಗುವುದು ಮೆಡಿಕಲ್ ಕಾಲೇಜು. ಪದದ ಬೇರು ಮಾತ್ರ ಕ್ರೈಸ್ತ ಮಠದಲ್ಲಿದೆ. ಲ್ಯಾಟಿನ್‌ನ 'ಡೆಕಾನುಸ್' ಅಂದರೆ ಹತ್ತು ಜನರ ಮುಖ್ಯಸ್ಥ. ಸನ್ಯಾಸಿಗಳು ಜಾಸ್ತಿ ಇದ್ದರೆ ಅವರಲ್ಲೇ ಯೋಗ್ಯರನ್ನು ಆರಿಸಿ ಈ ಕೆಲಸಕ್ಕೆ ಹಾಕಿ ಎಂದು 6ನೇ ಶತಮಾನದಲ್ಲೇ ಸಂತ ಬೆನೆಡಿಕ್ಟ್ ನಿಯಮ ಬರೆದಿದ್ದ. ಹತ್ತಕ್ಕೆ ಲ್ಯಾಟಿನ್‌ನಲ್ಲಿ 'ಡೆಕೆಮ್'. ಸಂಸ್ಕೃತದ 'ದಶ' ಅದರದೇ ಬಳಗ. ಡೀನ್ ಸಾಹೇಬರಿಗೂ ನಮ್ಮ ದಸರೆಗೂ ದೂರದ ನೆಂಟಸ್ತಿಕೆ ಇದೆ ಅನ್ನಿ!

'ಅವರಲ್ಲೇ ಒಬ್ಬರು' ಅನ್ನುವ ಆ ಹಳೆಯ ಅರ್ಥ ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ, ಅಂದರೆ ಸಾಹಿತ್ಯ, ಇತಿಹಾಸ, ವಿಜ್ಞಾನ ಎಲ್ಲ ಒಟ್ಟಿಗೆ ಕಲಿಸುವ ಕಾಲೇಜುಗಳಲ್ಲಿ, ಇನ್ನೂ ಉಳಿದಿದೆ. ಇವು ಚಿಕ್ಕ ಕಾಲೇಜುಗಳು. ಹಲವದರಲ್ಲಿ 2,000ದ ಆಸುಪಾಸು ವಿದ್ಯಾರ್ಥಿಗಳು, ಪದವಿ ಪಾಠವೇ ಮುಖ್ಯ. ಎಷ್ಟೋ ಕಡೆ ಅಲ್ಲಿಯ ಮೇಷ್ಟ್ರೇ ಡೀನ್, ಅಂದರೆ ಪಾಠ, ಮೇಷ್ಟ್ರುಗಳ ನೇಮಕ ನೋಡಿಕೊಳ್ಳುವ ಅಧಿಕಾರಿ, ಆಗುತ್ತಾರೆ. ಕೆಲವು ವರ್ಷ ಕುರ್ಚಿ, ಆಮೇಲೆ ವಾಪಸ್ ಕ್ಲಾಸಿಗೆ. ಅಷ್ಟಕ್ಕೇ ಸಹೋದ್ಯೋಗಿಗಳು 'ಕತ್ತಲ ಕಡೆಗೆ ಸೇರಿಕೊಂಡರು', ಅಂದರೆ ಪಾಠ ಬಿಟ್ಟು ಆಡಳಿತದವರ ಪಕ್ಷ ಸೇರಿದರು, ಎಂದು ಕಾಲೆಳೆಯುತ್ತಾರೆ.

ಕವಿತೆ, ಇತಿಹಾಸ ಕಲಿಸಿದವರಿಗೆ ಅಲ್ಲಿ ಮೊದಲು ತೊಡಕಾಗುವುದು ಲೆಕ್ಕದ ಹಾಳೆ. ಉದಾಹರಣೆಗೆ 'ಡಿಸ್ಕೌಂಟ್ ರೇಟ್'. ಕಾಲೇಜು 100 ಡಾಲರ್ ಫೀಸು ಎಂದು ಹೇಳಿ, 45 ಡಾಲರನ್ನು ತಾನೇ ಸ್ಕಾಲರ್‌ಶಿಪ್ ಎಂದು ಬಿಟ್ಟುಕೊಟ್ಟರೆ ಆ ರೇಟು ಶೇ. 45. ಕೈಗೆ ಬರುವುದು 55 ಮಾತ್ರ. ಹೊಸ ಮೇಷ್ಟ್ರನ್ನು ತೆಗೆದುಕೊಳ್ಳಬೇಕಾದರೆ ಲೆಕ್ಕ ಹಾಕಬೇಕಾದದ್ದು ಈ 55ರಲ್ಲೇ. ಲೆಕ್ಕವನ್ನಾದರೂ ಕಲಿಯಬಹುದು. ನಿನ್ನೆವರೆಗೆ ಜೊತೆಗೆ ಕಾಫಿ ಕುಡಿದವರಿಗೆ 'ನಿಮ್ಮ ನೌಕರಿ ಕಾಯಂ ಆಗಲಿಲ್ಲ' ಅನ್ನುವುದು ಅದಕ್ಕಿಂತ ಕಷ್ಟ, ಅಲ್ವಾ?

ಇದನ್ನೆಲ್ಲ ಕಲಿಸುವುದಕ್ಕೂ ಏರ್ಪಾಡುಗಳಿವೆ. ಅಲ್ಲಿಯ ಕಾಲೇಜು, ವಿಶ್ವವಿದ್ಯಾಲಯಗಳ ಒಕ್ಕೂಟವಾದ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್‌ನ ಫೆಲೋಸ್ ಕಾರ್ಯಕ್ರಮ 1965ರಿಂದ ನಡೆದಿದೆ. ಆಯ್ಕೆಯಾದವರು ಬೇರೊಂದು ಕಾಲೇಜಿಗೋ ವಿಶ್ವವಿದ್ಯಾಲಯಕ್ಕೋ ಹೋಗಿ ಅಲ್ಲಿಯ ಅಧ್ಯಕ್ಷರ (ಇಡೀ ಸಂಸ್ಥೆಯ ಮುಖ್ಯಸ್ಥರ) ಪಕ್ಕದಲ್ಲೇ ಕೂತು ಕೆಲಸ ನೋಡುತ್ತಾರೆ. ಅಡುಗೆ ಕಲಿತ ಹಾಗೇ, ಒಲೆಯ ಹತ್ತಿರ ನಿಂತು.

ಒಂದೊಂದೇ ಮೆಟ್ಟಿಲು ಹತ್ತಿ ಕಲಿತವರೂ ಇದ್ದಾರೆ. ರೂತ್ ಸಿಮನ್ಸ್ ಫ್ರೆಂಚ್ ಸಾಹಿತ್ಯದ ಪ್ರಾಧ್ಯಾಪಕಿ. ಟೆಕ್ಸಾಸ್‌ನ ಪಾಲುಗಾರಿಕೆ ರೈತರ ಮನೆಯ ಮಗಳು. ಪ್ರಿನ್ಸ್‌ಟನ್‌ನಲ್ಲಿ ಆಡಳಿತದ ಕೆಲಸ ಮಾಡಿ, ಸ್ಪೆಲ್ಮನ್ ಕಾಲೇಜಿನಲ್ಲಿ ಪ್ರೊವೋಸ್ಟ್ (ಪಾಠ-ಪ್ರವಚನದ ಹಿರಿಯ ಅಧಿಕಾರಿ) ಆಗಿ, 1995ರಲ್ಲಿ ಸ್ಮಿತ್ ಎಂಬ ಮಹಿಳಾ ಕಾಲೇಜಿನ ಅಧ್ಯಕ್ಷೆಯಾದರು. ಅಮೆರಿಕದ ಮಹಿಳಾ ಕಾಲೇಜೊಂದರಲ್ಲಿ ಮೊಟ್ಟಮೊದಲು ಇಂಜಿನಿಯರಿಂಗ್ ಶುರುವಾದದ್ದು ಈ ಫ್ರೆಂಚ್ ಮೇಡಂ ಕಾಲದಲ್ಲಿ.