ಹಳೇ ಕಾಂಕ್ರೀಟ್ ದಾರಿ ಮೇಲೆ ತೆಳ್ಳಗೆ ಸಿಮೆಂಟ್ ಸವರಿದರೆ ಸಾಕಾ?

ಪ್ರಶ್ನೆ: ಗೇಟಿನಿಂದ ಹಿತ್ತಲ ನಲ್ಲಿವರೆಗೆ 20 ಫೂಟು ಉದ್ದ, 3 ಫೂಟು ಅಗಲದ ಕಾಂಕ್ರೀಟ್ ದಾರಿ ಇದೆ. ಅಲ್ಲಲ್ಲಿ ಬಿರುಕು ಬಿಟ್ಟಿದೆ, ಪಾಚಿ ಕಟ್ಟಿದೆ. ಮೇಲೆ ತೆಳ್ಳಗೆ ಸಿಮೆಂಟ್ ಸವರಿ ನಾನೇ ಸರಿ ಮಾಡಿಕೊಳ್ಳಬಹುದಾ? (ಬೆಟಗೇರಿಯ ಓದುಗರು)

ಸವರಬೇಡಿ. ನಾನೂ ಅದೇ ಮಾಡಿ ಕೈಸುಟ್ಟುಕೊಂಡವನು. ನಮ್ಮ ಹುಬ್ಬಳ್ಳಿ ಮನೆಯಲ್ಲಿ ಯುಗಾದಿಗೆ ಮುಂಚೆ ಸಿಮೆಂಟ್ ಹಾಲು ಕಲಸಿ ಕಸಬರಿಗೆಯಿಂದ ಬಳಿದೆ, ನಾಲ್ಕು ದಿನ ಹೊಸದರ ಹಾಗೇ ಕಂಡಿತು, ಗಣಪತಿ ಹಬ್ಬದ ಹೊತ್ತಿಗೆ ಸಂಡಿಗೆ ಥರ ಎದ್ದು ಬಂತು. ತೆಳು ಪದರದ ನೀರನ್ನು ಹಳೇ ಕಾಂಕ್ರೀಟ್ ಕೆಳಗಿನಿಂದ ಹೀರುತ್ತದೆ, ಬಿಸಿಲು ಮೇಲಿನಿಂದ. ಗಟ್ಟಿಯಾಗೋಕೆ ಅದಕ್ಕೆ ನೀರೇ ಉಳಿಯಲ್ಲ.

ಆದರೆ ನಮ್ಮ ಕಡೆ ಅಸಲಿ ತಂಟೆ ಇರೋದು ಕೆಳಗೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಮೇಲೆ ಕೂತ ಕಾಂಕ್ರೀಟ್ ಎಷ್ಟು ದಿನ ತಡೆದೀತು? ಅದಕ್ಕೆ ಮೊದಲು ಒಂದು ಸುತ್ತಿಗೆ ತಗೊಂಡು ದಾರಿಯುದ್ದಕ್ಕೂ ಕುಟ್ಟುತ್ತಾ ಹೋಗಿ. ಟಣ್ ಅಂದರೆ ಗಟ್ಟಿ, ಬೊದ್ ಅಂದರೆ ಕೆಳಗೆ ಟೊಳ್ಳು. ಬಿರುಕಿನ ಒಂದು ಬದಿ ತಗ್ಗಿದೆಯಾ, ಕಾಲಿಟ್ಟರೆ ತುಂಡು ಅಲುಗುತ್ತಾ ಅಂತಲೂ ನೋಡಿ.

ಎಲ್ಲೂ ಅಲುಗಲ್ಲ, ಟೊಳ್ಳೂ ಇಲ್ಲ ಅಂದರೆ ಮೇಲೆ 2 ಇಂಚು ಹೊಸ ಕಾಂಕ್ರೀಟ್ ಹಾಕಬಹುದು. ಪಾಚಿಗೆ ಬ್ಲೀಚಿಂಗ್ ಪೌಡರ್ ನೀರು ಹಾಕಿ ತಂತಿ ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ತೊಳೆಯಿರಿ. ಅದರ ಜೊತೆ ಆ್ಯಸಿಡ್ ಮಾತ್ರ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಹಿಂದಿನ ರಾತ್ರಿ ನೀರು ಕುಡಿಸಿ, ಬೆಳಿಗ್ಗೆ ನಿಂತ ನೀರು ತೆಗೆದು, ಸಿಮೆಂಟ್ ಹಾಲು ಬಳಿದು ಅದು ಹಸಿ ಇರುವಾಗಲೇ ಕಾಂಕ್ರೀಟ್ ಸುರಿಯಿರಿ. 1 ಪಾಲು ಸಿಮೆಂಟ್, 2 ಪಾಲು ಉಸುಕು, 4 ಪಾಲು ಸಣ್ಣ ಖಡಿ. ನಿಮ್ಮ ದಾರಿಗೆ 50 ಕೆಜಿಯ ಎರಡು ಚೀಲ ಸಿಮೆಂಟ್ ಸಾಕು. ಹಳೇ ಜಾಯಿಂಟ್ ಎಲ್ಲಿದೆಯೋ ಸರಿಯಾಗಿ ಅದರ ಮೇಲೇ ಹೊಸದರಲ್ಲೂ ಗೆರೆ ಕೊಯ್ಯಿರಿ, ಇಲ್ಲದಿದ್ದರೆ ಅದು ತಾನೇ ಬಿರಿಯುತ್ತದೆ. ಥಾಪಿಯಿಂದ ನುಣ್ಣಗೆ ಮಾಡೋ ಆಸೆ ಬೇಡ, ಮಳೆಯಲ್ಲಿ ಜಾರುತ್ತೀರಿ. ಕಸಬರಿಗೆ ಎಳೆದು ಗೀರು ಬಿಡಿ. ಒಂದು ವಾರ ಒದ್ದೆ ಗೋಣಿತಟ್ಟು ಹೊದಿಸಿಡಿ.

ಅಲುಗುತ್ತಿದ್ದರೆ? ಬೆಟಗೇರಿ ಎರೆಮಣ್ಣಿಗೆ ಅದೇ ಜಾಸ್ತಿ. ಆಗ ಹೊಸ ಕಾಂಕ್ರೀಟಿಗೆ ದುಡ್ಡು ಸುರಿಯೋದು ಸುಮ್ನೆ ದಂಡ. ಬಿರುಕು ಇದ್ದಲ್ಲೇ ಒಡೆದು ತುಂಡುಗಳನ್ನು ಎತ್ತಿಡಿ, ಬಿಸಾಕಬೇಡಿ. ಕೆಳಗಿನ ಕರಿಮಣ್ಣು ನಾಲ್ಕಾರು ಇಂಚು ತೆಗೆದು ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿ, ನೀರು ಚಿಮುಕಿಸಿ ದಮ್ಮಸು ಮಾಡಿ. ಅದರ ಮೇಲೆ ಒಂದು ಇಂಚು ಉಸುಕು ಹರಡಿ ಅವೇ ತುಂಡುಗಳನ್ನು ಕೂರಿಸಿ. ಚೆಂದ ಬೇಕು ಅಂದರೆ ದಪ್ಪನೆಯ ಶಹಾಬಾದ್ ಫರಸಿ ತನ್ನಿ, ಆದರೆ ಪಾಲಿಶ್ ಆಗಿದ್ದು ಬೇಡ, ಮತ್ತೆ ಅದಕ್ಕೆ ಆ್ಯಸಿಡ್ ತಾಗಿಸಬೇಡಿ, ಸುಣ್ಣಕಲ್ಲು ಅದು, ಬುರುಬುರು ನೊರೆ ಬಂದು ತಿಂದುಹೋಗುತ್ತದೆ. ಸಂದಿಗೆ ಉಸುಕೇ ತುಂಬಿ, ಸಿಮೆಂಟ್ ಅಲ್ಲ. ಅಂಚಿಗೆ ಇಟ್ಟಂಗಿ ನಿಲ್ಲಿಸಿ.

ಯಾವುದೇ ದಾರಿ ಹಿಡಿದರೂ 3 ಫೂಟು ಅಗಲಕ್ಕೆ ಮುಕ್ಕಾಲು ಇಂಚು ಇಳಿಜಾರು ಕೊಡಿ, ಮನೆ ಗೋಡೆಗೆ ವಿರುದ್ಧ ದಿಕ್ಕಿಗೆ. ಮಾಳಿಗೆ ಪೈಪಿನ ನೀರು ದಾರಿ ಪಕ್ಕ ಬೀಳುತ್ತಿದ್ದರೆ ಅದನ್ನು ಮೊದಲು ಬೇರೆ ಕಡೆ ತಿರುಗಿಸಿ. ಆಮೇಲೆ ಹೀಗೇ ಉಸುಕಿನ ಮೇಲೆ ಕಲ್ಲು ಕೂರಿಸಿದ ನನ್ನ ದಾರಿಯಲ್ಲಿ ಹೋದ ಮಳೆಗಾಲಕ್ಕೆ ಎರಡು ಕಲ್ಲು ತಗ್ಗಿದ್ದು ಪೈಪಿನ ಬುಡದಲ್ಲೇ. ಸಲಾಕೆಯಿಂದ ಮೀಟಿ ಎತ್ತಿ, ಒಂದು ಬುಟ್ಟಿ ಉಸುಕು ಹಾಕಿ ಮತ್ತೆ ಕೂರಿಸಿದೆ. ಅರ್ಧ ಗಂಟೆಯ ಕೆಲಸ.