ಶೆನಿಲ್: ಕಂಬಳಿ ಹುಳುವಿನ ಹೆಸರು ಹೊತ್ತ ನೂಲು

ಫ್ರೆಂಚ್ ಭಾಷೆಯಲ್ಲಿ ಶೆನಿಲ್ ಎಂದರೆ ಕಂಬಳಿ ಹುಳು. ಅವರು ಹುಳುವನ್ನು ಕಂಡು ನೂಲಿಗೆ ಹೆಸರಿಟ್ಟರು. ನಾವು ಕಂಬಳಿಯನ್ನು ಕಂಡು ಹುಳುವಿಗೆ ಹೆಸರಿಟ್ಟೆವು. ಮಳೆಗಾಲದಲ್ಲಿ ಕಲಬುರಗಿ ಸುತ್ತಲಿನ ಹೊಲದ ಬದುಗಳಲ್ಲಿ ಅದನ್ನು ಕಂಡವರಿಗೆ ಈ ನೂಲಿನ ರಚನೆ ಅರ್ಧ ಅರ್ಥವಾದಂತೆಯೇ: ನಡುವೆ ತೆಳುವಾದ ಮೈ, ಸುತ್ತಲೂ ರೋಮ.

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಯಿಂದ ಸೋಫಾ ಬಟ್ಟೆಯ ತುಂಡೊಂದನ್ನು ತಂದು ಅಂಚಿನಿಂದ ಒಂದು ಎಳೆ ಬಿಡಿಸಿದೆ. ಉಗುರಿನಿಂದ ಕೆರೆದಾಗ ರೋಮವೆಲ್ಲ ಉದುರಿ, ಒಂದಕ್ಕೊಂದು ಹೊಸೆದುಕೊಂಡ ಎರಡು ಸಣ್ಣ ಎಳೆಗಳು ಉಳಿದವು. ರೋಮವನ್ನು ಹಿಡಿದಿಟ್ಟದ್ದು ಆ ಹೊಸೆತವೇ. ಮಖಮಲ್ಲಿನಲ್ಲಿ ರೋಮ ಏಳುವುದು ಬಟ್ಟೆಯಲ್ಲಿ. ಶೆನಿಲ್‌ನಲ್ಲಿ ನೂಲೇ ರೋಮ ಹೊತ್ತು ಮಗ್ಗಕ್ಕೆ ಬರುತ್ತದೆ. ಇದೊಂದು ವ್ಯತ್ಯಾಸ ಮನದಟ್ಟಾದರೆ ಇದರ ಇತಿಹಾಸವೂ ಸುಲಭವಾಗುತ್ತದೆ.

18ನೇ ಶತಮಾನದ ಫ್ರಾನ್ಸ್‌ನಲ್ಲಿ ಇದು ಕಸೂತಿಯ ದಾರ. ಬಟ್ಟೆಯೊಳಗೆ ಮತ್ತೆ ಮತ್ತೆ ಎಳೆದರೆ ರೋಮ ಸವೆಯುತ್ತದೆ. ಹಾಗಾಗಿ ದಾರವನ್ನು ಬಟ್ಟೆಯ ಮೇಲೆ ಮಲಗಿಸಿ, ಬೇರೊಂದು ಸಣ್ಣ ದಾರದಿಂದ ಅಲ್ಲಲ್ಲಿ ಕಟ್ಟುತ್ತಿದ್ದರು.

ದೊಡ್ಡ ತಿರುವು ಬಂದದ್ದು 1830ರ ದಶಕದಲ್ಲಿ, ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ. ನಮ್ಮ ಸೀರೆಗಳ ಮಾವಿನಕಾಯಿ ವಿನ್ಯಾಸಕ್ಕೆ ಇಂಗ್ಲಿಷಿನಲ್ಲಿ ಹೆಸರು ಕೊಟ್ಟ ಊರು ಅದೇ. ಅಲ್ಲಿನ ಗಿರಣಿಯ ಮೇಸ್ತ್ರಿ ಅಲೆಕ್ಸಾಂಡರ್ ಬುಕಾನನ್ ಶಾಲುಗಳಿಗಾಗಿ ಶೆನಿಲ್ ನೇಯ್ಗೆಯನ್ನು ರೂಢಿಗೆ ತಂದ. ಹಾಸಿನ, ಅಂದರೆ ಉದ್ದದ, ಎಳೆಗಳನ್ನು ಗುಂಪು ಗುಂಪಾಗಿ, ನಡುವೆ ಜಾಗ ಬಿಟ್ಟು ಹೂಡಿ, ಬಣ್ಣದ ಉಣ್ಣೆಯನ್ನು ಹೊಕ್ಕಾಗಿ, ಅಂದರೆ ಅಡ್ಡ ಎಳೆಯಾಗಿ, ನೇಯಬೇಕು. ಆಮೇಲೆ ಆ ಖಾಲಿ ಜಾಗದಲ್ಲಿ ಉದ್ದಕ್ಕೆ ಕತ್ತರಿಸಿದರೆ ಅಂಚಿನಲ್ಲಿ ರೋಮವುಳ್ಳ ಪಟ್ಟಿಗಳು ಸಿಗುತ್ತವೆ. ಕಾದ ರೋಲರುಗಳ ನಡುವೆ ಹಾಯಿಸಿದ ಆ ಪಟ್ಟಿಯೇ ಎರಡನೇ ನೇಯ್ಗೆಗೆ ಹೊಕ್ಕು.

ಗ್ಲಾಸ್ಗೋದ ಜೇಮ್ಸ್ ಟೆಂಪಲ್‌ಟನ್ ಮತ್ತು ವಿಲಿಯಂ ಕ್ವಿಗ್ಲಿ ಇದನ್ನು ರತ್ನಗಂಬಳಿಗೆ ಒಗ್ಗಿಸಿ 1839ರಲ್ಲಿ ಪೇಟೆಂಟ್ ಪಡೆದರು. ಇದರ ಜಾಣ್ಮೆಯನ್ನು ಗಮನಿಸಿ: ಚಿತ್ತಾರದ ಬಣ್ಣಗಳ ಸರದಿ ಮೊದಲ ನೇಯ್ಗೆಯಲ್ಲೇ ನಿಗದಿಯಾಗುತ್ತದೆ. ಕತ್ತರಿಸಿದ ಪಟ್ಟಿಗಳೆಲ್ಲ ಒಂದೇ ಬಗೆ. ಎಷ್ಟು ಪಟ್ಟಿಯೋ ಅಷ್ಟು ಕಂಬಳಿಗಳಿಗೆ ಅದೇ ಚಿತ್ತಾರ. ಪೂರ್ವದೇಶದ ಕೈಗಂಟಿನ ಕಂಬಳಿಯ ಸೊಬಗು ಕಡಿಮೆ ಬೆಲೆಗೆ ಮಧ್ಯಮವರ್ಗದ ಮನೆ ಸೇರಿತು. ಆದರೆ 1889ರ ನವೆಂಬರ್ 1ರಂದು ಟೆಂಪಲ್‌ಟನ್ ಕಾರ್ಖಾನೆಯ ಹೊಸ ಕಟ್ಟಡದ ಗೋಡೆ ಪಕ್ಕದ ನೇಯ್ಗೆ ಶೆಡ್ಡುಗಳ ಮೇಲೆ ಕುಸಿದು 29 ಹೆಣ್ಣುಮಕ್ಕಳು ಸತ್ತರು. ಕಂಬಳಿಯ ಅಂದ ಓದುವಾಗ ಈ ಸಂಖ್ಯೆಯನ್ನೂ ಬರೆದುಕೊಳ್ಳಿ.

ಅಮೆರಿಕದ ಕ್ರೀಡಾ ಜಾಕೆಟ್ಟುಗಳ ಉಬ್ಬು ಅಕ್ಷರಗಳಿಗೂ ಶೆನಿಲ್ ಎಂಬ ಹೆಸರೇ ಇದೆ. ಗೊಂದಲ ಮೂಡುವುದು ಜಾರ್ಜಿಯಾದ ಡಾಲ್ಟನ್‌ನಲ್ಲಿ. 1895ರಲ್ಲಿ ಹದಿಹರೆಯದ ಕ್ಯಾಥರೀನ್ ಇವಾನ್ಸ್ ದಪ್ಪ ದಾರವನ್ನು ಕೌದಿಗೆ ಹಾಕುವಂತೆ ನೇರವಾಗಿ ಹೊಲಿದು, ಹೊಲಿಗೆಗಳನ್ನು ಕತ್ತರಿಸಿ ಕುಚ್ಚು ಮಾಡಿ ಹಾಸಿಗೆ ಹೊದಿಕೆ ತಯಾರಿಸಿದಳು. ಬಿಸಿನೀರಿನಲ್ಲಿ ತೊಳೆದಾಗ ಬಟ್ಟೆ ಕುಗ್ಗಿ ಕುಚ್ಚನ್ನು ಬಿಗಿಯಾಗಿ ಹಿಡಿಯುತ್ತದೆ. 1900ರಲ್ಲಿ ಒಂದನ್ನು 2.50 ಡಾಲರಿಗೆ ಮಾರಿದಳು. ಮುಂದೆ ಆ ಕೈಕೆಲಸದಿಂದಲೇ ಡಾಲ್ಟನ್‌ನ ಕಾರ್ಪೆಟ್ ಉದ್ಯಮ ಬೆಳೆಯಿತು. ಆ ಕುಚ್ಚಿನ ಹೊದಿಕೆಗಳನ್ನೂ ಶೆನಿಲ್ ಎಂದೇ ಮಾರಿದರು. ಅಂಥ ಹೊದಿಕೆ ಕೈಗೆ ಸಿಕ್ಕರೆ ಹಿಂಬದಿ ತಿರುಗಿಸಿ ನೋಡಿ: ಹೊಲಿಗೆಯ ಸಾಲು ಕಂಡರೆ ಅದು ಡಾಲ್ಟನ್ ಬಗೆ. ಅಂಚಿನಿಂದ ಎಳೆದ ನೂಲು ರೋಮಸಹಿತ ಹೊರಬಂದರೆ ಮಾತ್ರ ನೇಯ್ದ ಶೆನಿಲ್.